600 ರೂಪಾಯಿ ಟಾಂಗ್ ಟೆಸ್ಟರ್ ನಂಬಿ ಮೋಟರ್ ಎತ್ತಿಸಬಹುದಾ?

ತೆಂಗಿನತೋಟ_ತಿಪಟೂರು
ಎಲ್ಲರಿಗೂ ನಮಸ್ಕಾರ. ನಮ್ಮ ಬೋರಿನಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಇದೆ, 620 ಅಡಿಯಲ್ಲಿ ಕೂತಿದೆ. ಹದಿನೈದು ದಿನದಿಂದ ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ಭಾಗ) ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದೆ. ಅರ್ಧ ಗಂಟೆ ಓಡುತ್ತದೆ, ನಿಲ್ಲುತ್ತದೆ. ನೋಡೇ ಬಿಡೋಣ ಅಂತ ಆನ್‌ಲೈನಿನಲ್ಲಿ 600 ರೂಪಾಯಿಯ ಟಾಂಗ್ ಟೆಸ್ಟರ್, ಅಂದರೆ ವೈರಿನ ಸುತ್ತ ಬಾಯಿ ಹಾಕಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತರಿಸಿದೆ. ಬೋರಿಗೆ ಹೋಗುವ ಮೂರು ವೈರಿಗೂ ಒಂದೊಂದಾಗಿ ಹಾಕಿದೆ. ಆರ್ ಫೇಸಿನಲ್ಲಿ 9.5, ವೈ ಫೇಸಿನಲ್ಲಿ 7.3, ಬಿ ಫೇಸಿನಲ್ಲಿ 8.8 ಬಂತು. ನೇಮ್ ಪ್ಲೇಟಿನಲ್ಲಿ ಇರುವುದು 8.8 ಆಂಪ್.

ರಿವೈಂಡಿಂಗ್ ಅಂಗಡಿಯವರನ್ನು ಕರೆಸಿದೆ. ಅವರ ಮೀಟರಿನಲ್ಲಿ 9.1, 7.8, 9.2. ನನ್ನದನ್ನು ನೋಡಿ ನಕ್ಕರು. "ಇದು ಮಕ್ಕಳ ಆಟದ ಸಾಮಾನು. ಕಾಯಿಲ್ ಹೋಗಿದೆ, ಮೋಟರ್ ಎತ್ತಬೇಕು" ಎಂದರು. ಎತ್ತುವ ಗಾಡಿ, ಕೂಲಿ, ರಿವೈಂಡಿಂಗ್ ಎಲ್ಲ ಸೇರಿದರೆ ಈ ಸಲದ ಕೊಬ್ಬರಿ ದುಡ್ಡು ಅಲ್ಲಿಗೇ ಹೋಯಿತು.

ಎರಡು ಪ್ರಶ್ನೆ. ಈ ಮೀಟರಿನ ಲೆಕ್ಕ ನಂಬಬಹುದಾ? ಇದನ್ನು ಹಿಡಿದು ಸ್ಟಾರ್ಟರ್ ಡಬ್ಬಿಗೆ ಕೈ ಹಾಕುವುದು ಸೇಫಾ? ಮೈ ಮೇಲೆ ಕ್ಯಾಟ್ 3 1000 ವೋಲ್ಟ್ ಅಂತ ಬರೆದಿದ್ದಾರೆ.

ಲ್ಯಾಬ್_ಮೇಷ್ಟ್ರು
ಮೊದಲು ಪೆಟ್ಟಿಗೆಯೊಳಗಿನ ಚೀಟಿ ತೆಗೆದು ನೋಡಿ. ಎಸಿ ಆಂಪ್ ಮುಂದೆ ಏನು ಬರೆದಿದ್ದಾರೆ?

ತೆಂಗಿನತೋಟ_ತಿಪಟೂರು
200 ಆಂಪ್ ರೇಂಜಿಗೆ ಪ್ಲಸ್ ಆರ್ ಮೈನಸ್ 2.5%, ಆಮೇಲೆ ಪ್ಲಸ್ 5 ಡಿಜಿಟ್ ಅಂತಿದೆ ಸರ್. ಎರಡೂವರೆ ಪರ್ಸೆಂಟ್ ಅಂದರೆ ಪರವಾಗಿಲ್ಲ ಅನ್ನಿಸಿತು.

ಲ್ಯಾಬ್_ಮೇಷ್ಟ್ರು
ಎಲ್ಲರೂ ಎಡವುವುದು ಆ "5 ಡಿಜಿಟ್" ಹತ್ತಿರವೇ. ಡಿಜಿಟ್ ಎಂದರೆ ಪರದೆಯ ಕೊನೆಯ ಅಂಕಿ. ನಿಮ್ಮ ಮೀಟರ್ 200ರ ರೇಂಜಿನಲ್ಲಿ 0.1 ಆಂಪ್‌ವರೆಗೆ ತೋರಿಸುತ್ತದೆ. ಹಾಗಾಗಿ 5 ಡಿಜಿಟ್ ಎಂದರೆ 0.5 ಆಂಪ್. ಇದು ನೀವು ಎಷ್ಟು ಅಳೆದರೂ ತಪ್ಪದ ಸುಂಕ. 100 ಆಂಪ್ ಅಳೆದರೆ ತಪ್ಪು 3 ಆಂಪ್, ಅಂದರೆ ನೂರಕ್ಕೆ ಮೂರು, ಪರವಾಗಿಲ್ಲ. ಅದೇ ಮೀಟರಿನಲ್ಲಿ 1 ಆಂಪ್ ಅಳೆದರೆ ತಪ್ಪು ಅರ್ಧ ಆಂಪ್‌ಗಿಂತ ಜಾಸ್ತಿ. ಅಂದರೆ ಅರ್ಧಕ್ಕರ್ಧ ಸುಳ್ಳು.

ನಿಮ್ಮ ಲೆಕ್ಕಕ್ಕೆ ಬರೋಣ. 9.5ರ ಮೇಲೆ 2.5% ಅಂದರೆ 0.24, ಜೊತೆಗೆ 0.5. ನಿಜವಾದ ಕರೆಂಟ್ 8.8ರಿಂದ 10.2ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. 7.3 ಎಂದದ್ದು 6.6ರಿಂದ 8.0. 8.8 ಎಂದದ್ದು 8.1ರಿಂದ 9.5. ಈಗ ಅಂಗಡಿಯವರ ಮೂರು ಅಂಕಿ ಇಟ್ಟು ನೋಡಿ. ಮೂರೂ ಇದರೊಳಗೇ ಕೂರುತ್ತವೆ. ನಿಮ್ಮ ಮೀಟರ್ ತಾನು ಕೊಟ್ಟ ಮಾತು ತಪ್ಪಿಲ್ಲ. ಮಾತೇ ಅಷ್ಟು ಸಡಿಲವಾಗಿದೆ, ಅಷ್ಟೆ.

ಇನ್ನೊಂದು ಗಮನಿಸಿ. ಎರಡೂ ಮೀಟರ್ ಒಂದೇ ಕತೆ ಹೇಳುತ್ತಿವೆ, ವೈ ಫೇಸ್ ಕಮ್ಮಿ. ನಕ್ಕವರು ಅದನ್ನು ನೋಡಬೇಕಿತ್ತು.

ವೈರ್‌ಮನ್_ಹಾಸನ
ಮೇಷ್ಟ್ರು ಹೇಳಿದ್ದು ಸರಿ. ಆ ಅರ್ಧ ಆಂಪ್ ಸುಂಕ ಕಮ್ಮಿ ಮಾಡೋಕೆ ನಮ್ಮದೊಂದು ದಾರಿ ಇದೆ. ಮೈನ್ ಇಳಿಸಿ, ಸ್ಟಾರ್ಟರ್ ಔಟ್‌ಗೋಯಿಂಗ್‌ನಲ್ಲಿ ಒಂದೂವರೆ ಮೀಟರ್ 4 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರ್ ಸೇರಿಸಿ. ಅದನ್ನು ಮೀಟರಿನ ಬಾಯೊಳಗೆ ಐದು ಸಲ ತೂರಿಸಿ ಸುತ್ತು ಹಾಕಿ. ಆಮೇಲೆ ಆನ್ ಮಾಡಿ. ಬಂದ ಅಂಕಿಯನ್ನು ಐದರಿಂದ ಭಾಗಿಸಿ. ಮೀಟರ್ 8 ಆಂಪ್ ಬದಲು 40 ಆಂಪ್ ನೋಡುತ್ತದೆ, ಅದರ ಸುಂಕವೂ ಐದು ಭಾಗ ಆಗುತ್ತದೆ. ಲೆಕ್ಕ ಹಾಕಿದರೆ ಮುಕ್ಕಾಲು ಆಂಪ್ ತಪ್ಪು ಇದ್ದದ್ದು ಮೂರನೇ ಒಂದು ಆಂಪ್‌ಗೆ ಇಳಿಯುತ್ತದೆ.

ವೈರ್ ಬಾಯಿಯ ಮಧ್ಯದಲ್ಲಿರಲಿ, ಮೂಲೆಗೆ ಒತ್ತಬೇಡಿ. ಪಕ್ಕದ ಫೇಸ್ ವೈರ್ ಬಾಯಿಗೆ ತಾಗಿಕೊಂಡಿರಬಾರದು. ಎರಡು ದವಡೆ ಕೂಡುವ ಜಾಗವನ್ನು ಬಟ್ಟೆಯಿಂದ ಒರೆಸಿ. ಅಲ್ಲಿ ಸ್ವಲ್ಪ ಗ್ರೀಸು, ಮಣ್ಣು ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚದಿದ್ದರೆ ರೀಡಿಂಗ್ ಕಮ್ಮಿ ಬರುತ್ತದೆ. ಯಾಕೆಂದರೆ ಆ ದವಡೆ ಅಂದರೆ ಟ್ರಾನ್ಸ್‌ಫಾರ್ಮರಿನ ಕೋರ್ ಇದ್ದ ಹಾಗೆ. ಹಾದು ಹೋಗುವ ವೈರೇ ಅದರ ಒಂದು ಸುತ್ತಿನ ಪ್ರೈಮರಿ.

ಇದೆಲ್ಲ ಆದ ಮೇಲೆ ನಿಜವಾದ ಪರೀಕ್ಷೆ. ಮೂರು ಮೋಟರ್ ವೈರುಗಳನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸಿ. ಆರ್‌ನಲ್ಲಿದ್ದದ್ದು ವೈಗೆ, ವೈದು ಬಿಗೆ, ಬಿದು ಆರ್‌ಗೆ. ಮೂರನ್ನೂ ಸರಿಸಿದರೆ ಮೋಟರ್ ಉಲ್ಟಾ ತಿರುಗುವುದಿಲ್ಲ. ಎರಡನ್ನೇ ಅದಲು ಬದಲು ಮಾಡಿದರೆ ತಿರುಗುತ್ತದೆ, ಹುಷಾರು. ಈಗ ಮತ್ತೆ ಅಳೆಯಿರಿ. ಕಮ್ಮಿ ಕರೆಂಟ್ ಮೋಟರ್ ವೈರಿನ ಜೊತೆ ಬಿಗೆ ಹೋದರೆ ತೊಂದರೆ ಕೆಳಗಿದೆ, ಕೇಬಲ್ ಅಥವಾ ಮೋಟರ್. ವೈ ಹತ್ತಿರವೇ ಉಳಿದರೆ ತೊಂದರೆ ಮೇಲಿದೆ, ಸ್ಟಾರ್ಟರ್ ಅಥವಾ ಲೈನು. ಎತ್ತೋಕೆ ಮುಂಚೆ ಇದನ್ನು ಮಾಡದೆ ಇರುವವನು ಮೆಕ್ಯಾನಿಕ್ಕೇ ಅಲ್ಲ.

ಹಾಗೇ ವೋಲ್ಟೇಜೂ ನೋಡಿಬಿಡಿ. ಮೀಟರಿನ ಕಡ್ಡಿ ಹಾಕಿ ಆರ್-ವೈ, ವೈ-ಬಿ, ಬಿ-ಆರ್ ಮೂರೂ ಬರೆದು ಹಾಕಿ.

ಮಸ್ಕತ್_ಕನ್ನಡಿಗ
ತಿಪಟೂರಿನವರೇ, ಆ ಕೊನೆಯ ಸಾಲನ್ನು ದಯವಿಟ್ಟು ಈಗಲೇ ಮಾಡಬೇಡಿ. ವೈರ್‌ಮನ್ ಅಣ್ಣ ತಮ್ಮ ಮೀಟರ್ ಮನಸ್ಸಿನಲ್ಲಿಟ್ಟು ಹೇಳಿದ್ದಾರೆ, ನಿಮ್ಮ ಮೀಟರ್ ಅಲ್ಲ.

ಬಾಯಿ ಹಾಕಿ ಅಳೆಯುವುದು ಬೇರೆ, ಕಡ್ಡಿ ಹಾಕಿ ಅಳೆಯುವುದು ಬೇರೆ. ಬಾಯಿ ಹಾಕಿದಾಗ ವೈರಿನ ಇನ್ಸುಲೇಷನ್ ಮೇಲಿರುತ್ತೀರಿ. ಮೀಟರಿಗೂ ಲೈನಿಗೂ ತಾಮ್ರದ ಸಂಬಂಧ ಇಲ್ಲ. ಕಡ್ಡಿ ಹಾಕಿದ ತಕ್ಷಣ 415 ವೋಲ್ಟ್ ನಿಮ್ಮ ಅಂಗೈಯೊಳಗಿನ ಪ್ಲಾಸ್ಟಿಕ್ ಡಬ್ಬಿಗೆ ಬಂದು ಕೂರುತ್ತದೆ. ಆ ಡಬ್ಬಿಯೊಳಗೆ ಏನಿದೆ ಎನ್ನುವುದೇ ಪ್ರಶ್ನೆ.

ಕ್ಯಾಟ್ ಅಂದರೆ ಬರೀ ವೋಲ್ಟೇಜಿನ ಲೆಕ್ಕ ಅಲ್ಲ, ಜಾಗದ ಲೆಕ್ಕ. ಕ್ಯಾಟ್ 2 ಮನೆಯ ಪ್ಲಗ್ ಪಾಯಿಂಟಿಗೆ. ಕ್ಯಾಟ್ 3 ಡಿಬಿ (ಕರೆಂಟ್ ಹಂಚುವ ಬೋರ್ಡ್), ಮೋಟರ್ ಪ್ಯಾನೆಲ್ ತರಹದ ಜಾಗಕ್ಕೆ. ಕ್ಯಾಟ್ 4 ಕಂಬದಿಂದ ಬರುವ ಸರ್ವಿಸ್ ವೈರ್, ಮೀಟರ್ ಬೋರ್ಡಿಗೆ. ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹತ್ತಿರ ಹೋದಷ್ಟೂ ಶಾರ್ಟ್ ಆದಾಗ ಹರಿಯುವ ಕರೆಂಟ್ ಜಾಸ್ತಿ. 63 ಕೆವಿಎ ಟಿಸಿಯ ಬುಡದಲ್ಲಿ ಶಾರ್ಟ್ ಆದರೆ 2000 ಆಂಪ್ ಹತ್ತಿರ ಬರಬಹುದು. ಲೈನಿನಲ್ಲಿ ಸಿಡಿಲಿಂದಲೋ ಸ್ವಿಚಿಂಗಿನಿಂದಲೋ ಒಂದು ಕ್ಷಣದ ಸಾವಿರಾರು ವೋಲ್ಟಿನ ಹೊಡೆತ ಬಂದು ಮೀಟರಿನೊಳಗೆ ಕಿಡಿ ಹಾರಿದರೆ, ಹಿಂದೆಯೇ ಈ ಕರೆಂಟ್ ಆ ಕಿಡಿಯ ದಾರಿ ಹಿಡಿದು ನುಗ್ಗುತ್ತದೆ. ಮೀಟರುಗಳ ಸುರಕ್ಷತಾ ಮಾನದಂಡವಾದ ಐಇಸಿ 61010 ಪ್ರಕಾರ ಕ್ಯಾಟ್ 3 600 ವೋಲ್ಟ್ ಮೀಟರ್ 6000 ವೋಲ್ಟಿನ ಹೊಡೆತ ತಡೆಯಬೇಕು. ಕ್ಯಾಟ್ 2 1000 ವೋಲ್ಟ್ ಮೀಟರಿಗೂ ಅದೇ 6000. ಆದರೆ ಕ್ಯಾಟ್ 2ರ ಪರೀಕ್ಷೆಯಲ್ಲಿ ಹೊಡೆತದ ಹಿಂದೆ 12 ಓಮ್ ತಡೆ ಇರುತ್ತದೆ, ಕ್ಯಾಟ್ 3ರಲ್ಲಿ ಬರೀ 2 ಓಮ್. ಅಂದರೆ ಆರು ಪಟ್ಟು ಕರೆಂಟ್. ಆದ್ದರಿಂದ 1000 ಅನ್ನುವ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ.

ಮೈ ಮೇಲೆ ಕ್ಯಾಟ್ 3 ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು. ಸಿಇ ಗುರುತೂ ತಯಾರಿಸಿದವರೇ ಹಾಕಿಕೊಳ್ಳುವುದು. ಯುಎಲ್, ಟಿಯುವಿ, ಸಿಎಸ್‌ಎ, ಇಂಟರ್‌ಟೆಕ್ ತರಹ ಹೊರಗಿನವರು ಪರೀಕ್ಷೆ ಮಾಡಿ ಕೊಟ್ಟ ಗುರುತು ಇದೆಯಾ ನೋಡಿ. ನಾವಿಲ್ಲಿ ಸೈಟಿನಲ್ಲಿ ಅಂಥ ಗುರುತೂ ಕ್ಯಾಲಿಬ್ರೇಷನ್ ಸ್ಟಿಕ್ಕರೂ ಇಲ್ಲದ ಮೀಟರನ್ನು ಗೇಟಿನೊಳಗೇ ಒಯ್ಯುವ ಹಾಗಿಲ್ಲ.

ಹಳೇ_ಮೆಕ್ಯಾನಿಕ್
ಇದೆಲ್ಲ ಗಲ್ಫಿನ ಮಾತು ಬಿಡಿ. ನಾನು 30 ವರ್ಷದಿಂದ ಇಂಥದ್ದೇ ಮೀಟರ್ ಹಿಡಿದು ಹಳ್ಳಿ ಹಳ್ಳಿ ತಿರುಗಿದ್ದೇನೆ. ಏನೂ ಆಗಿಲ್ಲ. ಹತ್ತು ಸಾವಿರದ ಮೀಟರ್ ತಗೊಂಡು ರೈತನ ಹತ್ತಿರ 300 ರೂಪಾಯಿ ಕೂಲಿ ಕೇಳೋಕಾಗುತ್ತಾ?

ಮಸ್ಕತ್_ಕನ್ನಡಿಗ
ಆಗಲ್ಲ ಅಣ್ಣಾ, ಒಪ್ಪುತ್ತೇನೆ. ಆದರೆ ಒಂದು ವಿಷಯ ಹೇಳುತ್ತೇನೆ. ಊರಲ್ಲಿದ್ದಾಗ ನಮ್ಮ ಜೊತೆಗಿದ್ದ ಹುಡುಗ ಒಂದು ಅಕ್ಕಿ ಮಿಲ್ಲಿನ ಮೈನ್ ಬೋರ್ಡಿನಲ್ಲಿ ವೋಲ್ಟೇಜ್ ನೋಡೋಕೆ ಹೋದ. ಅದಕ್ಕೂ ಮುಂಚೆ ಕಾಯಿಲಿನ ಕಂಟಿನ್ಯೂಟಿ (ಎಲ್ಲಾದರೂ ತುಂಡಾಗಿದೆಯಾ ಅಂತ) ನೋಡಿದ್ದ. ಡಯಲ್ ಅಲ್ಲೇ ಇತ್ತು, ತಿರುಗಿಸೋದು ಮರೆತ. ಎರಡು ಕಡ್ಡಿ ಇಟ್ಟ. ಪಟಾಕಿ ಹೊಡೆದ ಹಾಗೆ ಸದ್ದು, ಮೀಟರಿನ ಹಿಂಬದಿ ಮುಚ್ಚಳ ಹಾರಿ ಹೋಯಿತು. ಬೆರಳುಗಳು ಕಪ್ಪಾದವು, ಹುಬ್ಬು ಸುಟ್ಟಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಒಳ್ಳೆಯ ಮೀಟರ್ ಆ ತಪ್ಪನ್ನು ತಡೆದುಕೊಳ್ಳುತ್ತದೆ. ತಪ್ಪು ಮಾಡದ ದಿನ ಎಲ್ಲ ಮೀಟರೂ ಒಂದೇ.

ಎಸ್‌ಪಿರೋಡ್_ಗಿರಾಕಿ
ಒಳಗೆ ಏನಿದೆ ಎಂದು ಕೇಳಿದಿರಿ, ನಾನು ಬಿಚ್ಚಿದ್ದೇನೆ! ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 450ಕ್ಕೆ ಕೊಂಡದ್ದು. ಬೋರ್ಡಿನಲ್ಲಿ ಎಂಓವಿ (ವೋಲ್ಟೇಜಿನ ಹೊಡೆತ ಹೀರುವ ಭಾಗ) ಕೂರಬೇಕಾದ ಜಾಗಕ್ಕೆ ಗುರುತು ಹಾಕಿದ್ದಾರೆ, ತೂತೂ ಕೊರೆದಿದ್ದಾರೆ, ಬಿಡಿಭಾಗ ಮಾತ್ರ ಇಲ್ಲ. ಓಮ್ ರೇಂಜಿಗೆ ಇರಬೇಕಾದ ಪಿಟಿಸಿ (ಬಿಸಿಯಾದರೆ ಕರೆಂಟ್ ತಡೆಯುವ ಭಾಗ) ಒಂದು ಶೇಂಗಾ ಬೀಜದಷ್ಟೂ ಇಲ್ಲ. ವೋಲ್ಟ್ ಜ್ಯಾಕಿನ ಎರಡು ಟ್ರ್ಯಾಕ್ ನಡುವೆ ಎರಡು ಮಿಲಿಮೀಟರ್ ಅಂತರ. ಕಡ್ಡಿಯ ವೈರ್ ಕತ್ತರಿಸಿದೆ, ಒಳಗೆ ಕೂದಲಿನಂಥ ನಾಲ್ಕೆಂಟು ಎಳೆ. ಕಡ್ಡಿಯ ತುದಿ ಎರಡು ಸೆಂಟಿಮೀಟರ್ ಬೆತ್ತಲೆ. ಕ್ಯಾಟ್ 3 ಕಡ್ಡಿಗೆ 4 ಮಿಲಿಮೀಟರಿಗಿಂತ ಜಾಸ್ತಿ ತೆರೆದಿರಬಾರದು. ಇಕ್ಕಟ್ಟಾದ ಸ್ಟಾರ್ಟರಿನಲ್ಲಿ ಕೈ ಸ್ವಲ್ಪ ಜಾರಿದರೂ ಉದ್ದದ ತುದಿ ಎರಡು ಫೇಸನ್ನು ಒಟ್ಟಿಗೆ ಮುಟ್ಟಿಬಿಡುತ್ತದೆ.

ಆದರೆ ಕ್ಲಾಂಪಿನ ಪರವಾಗಿ ಒಂದು ಮಾತು. ಅಗ್ಗದ ಮಲ್ಟಿಮೀಟರಿಗಿಂತ ಇದು ಒಂದು ವಿಷಯದಲ್ಲಿ ವಾಸಿ. ಮಲ್ಟಿಮೀಟರಿನಲ್ಲಿ ಕಡ್ಡಿಯನ್ನು 10 ಆಂಪ್ ಜ್ಯಾಕಿನಲ್ಲಿ ಮರೆತು ವೋಲ್ಟೇಜ್ ನೋಡಿದರೆ ಅದು ನೇರ ಶಾರ್ಟ್. ಇದರಲ್ಲಿ ಆ ಜ್ಯಾಕೇ ಇಲ್ಲ.

ಹಳೇ_ಮೆಕ್ಯಾನಿಕ್
ಸರಿ, ಆ ಹುಡುಗನ ಕತೆ ಕೇಳಿ ಬೇಜಾರಾಯಿತು. ನಿಜ ಹೇಳಬೇಕೆಂದರೆ ನಾನೂ ವೋಲ್ಟೇಜಿಗೆ ಮೀಟರ್ ನಂಬುವುದಿಲ್ಲ, ಟೆಸ್ಟ್ ಲ್ಯಾಂಪೇ. ಒಂದು ಸಲ ಬಿ ಫೇಸಿನ ಫ್ಯೂಸ್ ಹೋಗಿತ್ತು. ಡಿಜಿಟಲ್ ಮೀಟರ್ ನ್ಯೂಟ್ರಲ್‌ಗೆ 70 ವೋಲ್ಟ್ ತೋರಿಸುತ್ತಿತ್ತು. ಹುಡುಗರು "ಲೋ ವೋಲ್ಟೇಜ್" ಅಂತ ಕಚೇರಿಗೆ ಫೋನ್ ಮಾಡಿ ಕೂತಿದ್ದರು. ಲ್ಯಾಂಪ್ ಇಟ್ಟೆ, ಮಿಣುಕೂ ಇಲ್ಲ. ವೈರ್ ಸತ್ತಿತ್ತು.

ಲ್ಯಾಬ್_ಮೇಷ್ಟ್ರು
ಆ 70 ವೋಲ್ಟ್ ಪಕ್ಕದ ಜೀವಂತ ವೈರಿನಿಂದ ಹಬ್ಬಿದ್ದು. ಡಿಜಿಟಲ್ ಮೀಟರಿನ ಒಳತಡೆ 10 ಮೆಗಾ ಓಮ್ ಹತ್ತಿರ ಇರುತ್ತದೆ, ಅದು ಏನನ್ನೂ ಎಳೆಯುವುದಿಲ್ಲ. ಹಾಗಾಗಿ ದೆವ್ವದ ವೋಲ್ಟೇಜ್ ಕಾಣುತ್ತದೆ. ಲ್ಯಾಂಪ್ ಕರೆಂಟ್ ಎಳೆಯುತ್ತದೆ, ದೆವ್ವ ಓಡಿಹೋಗುತ್ತದೆ. ಕೆಲವು ದುಬಾರಿ ಮೀಟರುಗಳಲ್ಲಿ ಲೋ-ಝಡ್ ಅಂತ ಇದಕ್ಕೇ ಒಂದು ಸ್ಥಾನ ಇರುತ್ತದೆ. ಆದರೆ 415ಕ್ಕೆ ಒಂದೇ ಬಲ್ಬ್ ಇಟ್ಟರೆ ಅದು ಮುಖಕ್ಕೇ ಒಡೆಯುತ್ತದೆ. ಎರಡು ಬಲ್ಬ್ ಸೀರೀಸ್ ಇರಲಿ, ಸುತ್ತ ಜಾಲರಿ ಇರಲಿ.

ಅಂದಹಾಗೆ ತಿಪಟೂರಿನವರೇ, ಅಂಗಡಿಯವರು ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿದರಾ?

ತೆಂಗಿನತೋಟ_ತಿಪಟೂರು
ಇಲ್ಲ ಸರ್. ನನ್ನ ಮೀಟರಿನ ಡಯಲಿನಲ್ಲೇ 2000 ಮೆಗಾ ಓಮ್ ಅಂತ ಒಂದು ಜಾಗ ಇದೆ, ಅದರಲ್ಲೇ ನೋಡಬಹುದಾ?

ಲ್ಯಾಬ್_ಮೇಷ್ಟ್ರು
ಅದು ಬೇರೆ ಡಬ್ಬಿ ಜೋಡಿಸಿದರೆ ಮಾತ್ರ ಕೆಲಸ ಮಾಡುವ ಸ್ಥಾನ. 500 ವೋಲ್ಟ್ ಹುಟ್ಟಿಸುವ ಆ ಡಬ್ಬಿ ನಿಮ್ಮ ಪೆಟ್ಟಿಗೆಯಲ್ಲಿ ಬಂದಿರುವುದಿಲ್ಲ. ಸುಮ್ನೆ ಅಲ್ಲಿಟ್ಟು ನೋಡಿದರೆ ಏನೇನೋ ಅಂಕಿ ಕಾಣುತ್ತದೆ, ಅದಕ್ಕೆ ಅರ್ಥ ಇಲ್ಲ.

ಬಿಸಿಲು_ಕರೆಂಟು
ಕೊಪ್ಪಳದ ಕಡೆ ಸೋಲಾರ್ ಪಂಪ್ ಕೂರಿಸುವವನು ನಾನು. ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕ್ರೀ. ಈ 600 ರೂಪಾಯಿ ಮೀಟರುಗಳ ಬಾಯಿ ಎಸಿ ಮಾತ್ರ ನೋಡುತ್ತದೆ. ಟ್ರಾನ್ಸ್‌ಫಾರ್ಮರ್ ತತ್ವ, ಡಿಸಿಗೆ ಕೆಲಸ ಮಾಡುವುದಿಲ್ಲ. ಡಿಸಿಗೆ ಹಾಲ್ ಸೆನ್ಸರ್ (ಕಾಂತಕ್ಷೇತ್ರವನ್ನು ನೇರ ಗುರುತಿಸುವ ಭಾಗ) ಇರುವ ಬಾಯಿಯೇ ಬೇಕು. ನಮ್ಮ ಹತ್ತಿರ ಹೊಸದಾಗಿ ಸೇರಿದ ಹುಡುಗ ಪ್ಯಾನೆಲ್ ವೈರಿಗೆ ಎಸಿ ಕ್ಲಾಂಪ್ ಹಾಕಿ 0.0 ನೋಡಿದ. ಕರೆಂಟ್ ಇಲ್ಲ ಅಂದುಕೊಂಡು ಎಂಸಿ4 ಕನೆಕ್ಟರ್ ಎಳೆದ. ನಡು ಮಧ್ಯಾಹ್ನ, 8 ಆಂಪ್ ಹರಿಯುತ್ತಿತ್ತು. ಡಿಸಿ ಕಿಡಿ ಎಸಿಯ ಹಾಗೆ ತಾನಾಗಿ ಆರುವುದಿಲ್ಲ, ಎಳೆದಷ್ಟೂ ಉದ್ದ ಆಗುತ್ತದೆ. ಕೈಗವಸು ಇದ್ದದ್ದಕ್ಕೆ ಕನೆಕ್ಟರ್ ಕರಗಿ ಹೋಗುವುದರಲ್ಲಿ ಮುಗಿಯಿತು.

ಡಿಸಿ ಇರುವ ಅಗ್ಗದ ಮೀಟರ್ ಕೊಂಡರೂ, ವೈರಿಗೆ ಹಾಕುವ ಮುಂಚೆ ಝೀರೋ ಬಟನ್ ಒತ್ತಿ. ಖಾಲಿ ಬಾಯಿಯಲ್ಲೇ ಅರ್ಧ, ಒಂದು ಆಂಪ್ ತೋರಿಸುತ್ತಿರುತ್ತವೆ. ಮೀಟರ್ ತಿರುಗಿಸಿ ಹಿಡಿದರೂ ಅಂಕಿ ಬದಲಾಗುತ್ತದೆ.

ಎಸ್‌ಪಿರೋಡ್_ಗಿರಾಕಿ
ಚಿಕ್ಕ ಕರೆಂಟಿಗೆ ನಾನು ಯೂನಿ-ಟಿ ಯುಟಿ210ಇ ಇಟ್ಟುಕೊಂಡಿದ್ದೇನೆ. ಎಸಿ, ಡಿಸಿ ಎರಡೂ ನೋಡುತ್ತದೆ, ಟ್ರೂ ಆರ್‌ಎಂಎಸ್, ಅಂದರೆ ಅಲೆಯ ಆಕಾರ ಹೇಗಿದ್ದರೂ ನಿಜವಾದ ಅಂಕಿ ತೋರಿಸುತ್ತದೆ. 2 ಆಂಪ್ ರೇಂಜಿನಲ್ಲಿ ಒಂದು ಮಿಲಿ ಆಂಪ್‌ವರೆಗೆ ಅಂಕಿ. ಆದರೆ 100 ಆಂಪ್‌ಗೆ ಮುಗಿಯಿತು, ಮೇಲೆ ಕ್ಯಾಟ್ 3 300 ವೋಲ್ಟ್ ಅಂತಲೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದನ್ನು ಪಂಪ್ ಪ್ಯಾನೆಲಿಗೆ ಒಯ್ಯುವುದಿಲ್ಲ.

ಟ್ರೂ ಆರ್‌ಎಂಎಸ್ ಯಾಕೆ ಬೇಕೆಂದರೆ, ಅಗ್ಗದವು ಸರಾಸರಿ ಅಳೆದು 1.11ರಿಂದ ಗುಣಿಸಿ ತೋರಿಸುತ್ತವೆ. ಗೀಸರ್, ನೇರ ಲೈನಿನ ಮೋಟರಿಗೆ ಅದು ಸರಿ. ಎಲ್‌ಇಡಿ, ಕಂಪ್ಯೂಟರ್, ಇನ್‌ವರ್ಟರ್ ಏರ್ ಕಂಡಿಷನರ್ ಇವೆಲ್ಲ ಕರೆಂಟನ್ನು ಚೂರು ಚೂರಾಗಿ ಎಳೆಯುತ್ತವೆ. ಅಲ್ಲಿ ನೂರಕ್ಕೆ 30, 40ರಷ್ಟು ಕಮ್ಮಿ ತೋರಿಸಬಹುದು. ನಮ್ಮ ಮನೆಯ ಎಲ್‌ಇಡಿ ಲೈನಿಗೆ ಎರಡೂ ಹಾಕಿದೆ. ಅಗ್ಗದ್ದು 0.3, ಇದು 0.52.

ಮನೆಬಿಲ್_ಮೈಸೂರು
ಲ್ಯಾಬಿಗೆ ಕಳಿಸದೆ ಮನೆಯಲ್ಲೇ ಮೀಟರ್ ಸರಿ ಇದೆಯಾ ನೋಡೋಕೆ ಆಗುತ್ತಾ?

ಲ್ಯಾಬ್_ಮೇಷ್ಟ್ರು
ಆಗುತ್ತದೆ. ಎಲ್ಲ ಆಫ್ ಮಾಡಿ ಗೀಸರ್ ಒಂದೇ ಹಾಕಿ. ಕರೆಂಟ್ ಮೀಟರಿನ ಕೆಂಪು ದೀಪ ಮಿನುಗುವುದನ್ನು ಒಂದು ನಿಮಿಷ ಎಣಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಸುಲಭ. ಮೀಟರಿನ ಮೇಲೆ ಒಂದು ಯೂನಿಟ್‌ಗೆ 3200 ಮಿನುಗು ಅಂತ ಇದ್ದು, ನಿಮಿಷಕ್ಕೆ 100 ಬಂದರೆ ಅದು 1875 ವ್ಯಾಟ್. ವೋಲ್ಟೇಜ್ 225 ಇದ್ದರೆ 8.3 ಆಂಪ್. ಕೆಲವು ಮೀಟರುಗಳು ಬಟನ್ ಒತ್ತಿದರೆ ವೋಲ್ಟೇಜನ್ನೂ ಆಂಪನ್ನೂ ತಾವೇ ತೋರಿಸುತ್ತವೆ. ಅದರ ಜೊತೆ ನಿಮ್ಮ ಕ್ಲಾಂಪ್ ಹೋಲಿಸಿ. ಫೇಸ್ ಒಂದಕ್ಕೇ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಬಾಯೊಳಗೆ ಹೋದರೆ ಒಂದನ್ನೊಂದು ಹೊಡೆದು ಸೊನ್ನೆ ಬರುತ್ತದೆ.

ಬ್ಯಾಟರಿ ಗುರುತು ಕಂಡ ಮೇಲೆ ಅಳೆಯಬೇಡಿ. 9 ವೋಲ್ಟ್ ಬ್ಯಾಟರಿ ಇಳಿದಾಗ ಇವು ಧೈರ್ಯವಾಗಿ ಸುಳ್ಳು ಹೇಳುತ್ತವೆ.

ತೆಂಗಿನತೋಟ_ತಿಪಟೂರು
ಎಲ್ಲರಿಗೂ ವಂದನೆ, ಸುದ್ದಿ ಇದೆ.

ನಮ್ಮೂರಿನ ವೈರ್‌ಮನ್ ಕರೆದುಕೊಂಡು ಐದು ಸುತ್ತು ಹಾಕಿ ನೋಡಿದೆವು. ಪರದೆಯಲ್ಲಿ 46.1, 38.2, 45.6. ಐದರಿಂದ ಭಾಗಿಸಿದರೆ 9.2, 7.6, 9.1. ಅಂಗಡಿಯವರ ಅಂಕಿಗೆ ಹತ್ತಿರ ಬಂತು! ಆಮೇಲೆ ಮೂರೂ ವೈರ್ ಒಂದು ಮನೆ ಸರಿಸಿದೆವು. ಕಮ್ಮಿ ಇದ್ದದ್ದು ವೈ ಹತ್ತಿರವೇ ಉಳಿಯಿತು.

ವೈರ್‌ಮನ್ ತನ್ನ ಮೀಟರ್ ತಂದಿದ್ದ, ಕಡ್ಡಿಯ ತುದಿಗೆ ಟೋಪಿ ಇರುವಂಥದ್ದು. ಮೋಟರ್ ಓಡುತ್ತಿರುವಾಗ ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗೆ ಮೂರೂ ಫೇಸ್ ಸೇರಿಸುವ ಸ್ವಿಚ್ಚಿನ) ವೈ ಮೇಲಿನ ತುದಿಗೂ ಕೆಳಗಿನ ತುದಿಗೂ ಇಟ್ಟ. 9 ವೋಲ್ಟ್. ಉಳಿದ ಎರಡರಲ್ಲಿ ಸೊನ್ನೆಗೆ ಹತ್ತಿರ. ಮೈನ್ ಇಳಿಸಿ ಬಿಚ್ಚಿದರೆ ವೈ ಕಾಂಟ್ಯಾಕ್ಟ್ ಕಪ್ಪಗೆ, ಹುಳ ತಿಂದ ಹಲ್ಲಿನ ಹಾಗೆ.

ವೈರ್‌ಮನ್_ಹಾಸನ
ಅದೇ! 9 ವೋಲ್ಟ್ ಇಂಟು 7.6 ಆಂಪ್, ಹತ್ತಿರ ಹತ್ತಿರ 70 ವ್ಯಾಟ್. ಒಂದು ಹಳೇ ಬುರುಡೆ ಬಲ್ಬಿನ ಶಾಖ ಆ ಡಬ್ಬಿಯೊಳಗೆ. ಅದರ ಕೆಳಗೇ ಓವರ್‌ಲೋಡ್ ರಿಲೇ ಕೂತಿರುತ್ತದೆ. ಅದರ ಬೈಮೆಟಲ್ ಪಟ್ಟಿಗೆ ಮೋಟರಿನ ಬಿಸಿ ಯಾವುದು, ಕಾಂಟ್ಯಾಕ್ಟಿನ ಬಿಸಿ ಯಾವುದು ಗೊತ್ತಾಗುವುದಿಲ್ಲ. ಬೇಗ ಬಗ್ಗುತ್ತದೆ. ಮೇಲಾಗಿ ವೋಲ್ಟೇಜಿನಲ್ಲಿ ನೂರಕ್ಕೆ ಒಂದು ಏರುಪೇರಾದರೆ ಮೋಟರ್ ಕರೆಂಟಿನಲ್ಲಿ ಆರರಿಂದ ಹತ್ತು ಪಟ್ಟು ಏರುಪೇರು ಕಾಣುತ್ತದೆ. ಹಾಗಾಗಿ ಆರ್, ಬಿ ಜಾಸ್ತಿ ಎಳೆಯುತ್ತಿದ್ದವು. ಕಾಂಟ್ಯಾಕ್ಟ್ ಕಿಟ್ ಬದಲಾಯಿಸಿದಿರಾ?

ತೆಂಗಿನತೋಟ_ತಿಪಟೂರು
ಬದಲಾಯಿಸಿದೆವು ಅಣ್ಣಾ. ಈಗ 8.5, 8.4, 8.7. ಮೂರು ದಿನದಿಂದ ಒಂದು ಸಲವೂ ಟ್ರಿಪ್ ಆಗಿಲ್ಲ. ವೈರ್‌ಮನ್ ಮೆಗ್ಗರೂ ಹಾಕಿದ, ಮೋಟರ್ ಚೆನ್ನಾಗಿದೆ ಅಂದ.

ಹಳೇ_ಮೆಕ್ಯಾನಿಕ್
ಎತ್ತಿಸಿದ್ದರೆ ಮೋಟರ್ ರಿವೈಂಡ್ ಆಗಿ ಬರುತ್ತಿತ್ತು, ಇಳಿಸಿದ ಮೇಲೆ ಮತ್ತೆ ಟ್ರಿಪ್ ಆಗುತ್ತಿತ್ತು. ಆಗ "ಬೋರಿನಲ್ಲಿ ನೀರಿಲ್ಲ" ಅನ್ನುತ್ತಿದ್ದರು. ಕಂಡಿದ್ದೇನೆ ಬಿಡಿ.

ಮಸ್ಕತ್_ಕನ್ನಡಿಗ
ಆ 600 ರೂಪಾಯಿ ಮೀಟರ್ ಏನು ಮಾಡಿದಿರಿ?

ತೆಂಗಿನತೋಟ_ತಿಪಟೂರು
ಸ್ಟಾರ್ಟರ್ ಪಕ್ಕ ಮೊಳೆಗೆ ನೇತುಹಾಕಿದ್ದೇನೆ. ವಾರಕ್ಕೊಮ್ಮೆ ಮೂರು ವೈರಿಗೂ ಬಾಯಿ ಹಾಕಿ ಗೋಡೆ ಮೇಲೆ ಬರೆಯುತ್ತೇನೆ. ಕಡ್ಡಿಗಳು ಮನೆಯಲ್ಲಿವೆ, ಟ್ರ್ಯಾಕ್ಟರ್ ಬ್ಯಾಟರಿ ನೋಡೋಕೆ.